ಹೆಸರು ತಿಳಿಯದ ಮುಳ್ಳುಗಿಡ: ಹೂವಿಗಿಂತ ಮೊದಲು ಮುಳ್ಳನ್ನು ನೋಡಿ

ಪುಣೆಯ ಕೋಥ್ರೂಡಿನ ಒಂದು ಸೊಸೈಟಿಯ ಕಾಂಪೌಂಡಿನುದ್ದಕ್ಕೂ ಬೆಳೆಸಿರುವ, ಹೊಳೆಯುವ ದಪ್ಪ ಎಲೆಗಳ ಮುಳ್ಳುಗಿಡ ಯಾವುದು ಎಂದು ನಮ್ಮ ಕನ್ನಡ ಅಧ್ಯಯನ ಗುಂಪಿನಲ್ಲಿ ಕೇಳಿದವರಿಗಾಗಿ ಈ ಟಿಪ್ಪಣಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಅದು ನೇಟಾಲ್ ಪ್ಲಮ್, ಅಂದರೆ ಕರಿಸ್ಸಾ ಮ್ಯಾಕ್ರೋಕಾರ್ಪಾ. ಹೂವಿಲ್ಲದೆಯೇ ಅದನ್ನು ಹೇಗೆ ಗುರುತಿಸಬಹುದು ಎಂಬುದಷ್ಟೇ ಇಲ್ಲಿಯ ವಿಷಯ. ಬೇಲಿಗಿಡವನ್ನು ಮಾಲಿ ಕತ್ತರಿಸುತ್ತಲೇ ಇರುತ್ತಾನೆ; ಹೂವು ಕಾಣುವುದು ಅಪರೂಪ, ಮುಳ್ಳು ಮಾತ್ರ ವರ್ಷವಿಡೀ ಇರುತ್ತದೆ.

ನಾವು ಮುಳ್ಳು ಎಂದು ಕರೆಯುವುದು ಗಿಡದ ಬೇರೆ ಬೇರೆ ಭಾಗಗಳಿಂದ ಹುಟ್ಟಿರಬಹುದು. ಗುಲಾಬಿಯದು ಬರೀ ಹೊರಪದರದ ಬೆಳವಣಿಗೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಕಳಚಿ ಬರುತ್ತದೆ, ಕಾಂಡದ ಮೇಲೆ ಎಲ್ಲೆಂದರಲ್ಲಿ ಇರುತ್ತದೆ. ಬೋಗನ್‌ವಿಲ್ಲಾದ ಮುಳ್ಳು ರೂಪಾಂತರಗೊಂಡ ಕೊಂಬೆ. ಅದು ಎಲೆಯ ಕಂಕುಳಿನಲ್ಲೇ ಹುಟ್ಟುತ್ತದೆ, ಒಳಗಿನ ನಾಳಗಳು ಕಾಂಡಕ್ಕೆ ಸೇರಿಕೊಂಡಿರುವುದರಿಂದ ಸುಲಭಕ್ಕೆ ಕೀಳುವುದಿಲ್ಲ. ಮುಳ್ಳಿನ ಕೆಳಗೆ ಎಲೆಯಾಗಲಿ, ಎಲೆ ಉದುರಿದ ಗುರುತಾಗಲಿ ಇದೆಯೇ ಎಂದು ಹುಡುಕಿ. ಇದ್ದರೆ ಅದು ಬಹುಮಟ್ಟಿಗೆ ಕೊಂಬೆಯೇ. ಜಾಲಿಯಲ್ಲಿ ಎಲೆತೊಟ್ಟಿನ ಬುಡದ ಎರಡು ಉಪಪರ್ಣಗಳೇ ಜೋಡಿ ಮುಳ್ಳುಗಳಾಗಿವೆ. ಬೋರೆಯಲ್ಲೂ ಹಾಗೆಯೇ, ಆದರೆ ಅಲ್ಲಿ ಜೋಡಿಯಲ್ಲಿ ಒಂದು ನೇರ, ಇನ್ನೊಂದು ಕೊಕ್ಕೆ. ಬೋರೆ ಹಣ್ಣು ಕೀಳಲು ಕೈಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಳ್ಳಿ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದು ಹೊಸಬರ ರೂಢಿ. ಕ್ಯಾಕ್ಟಸ್ ಕುಟುಂಬದಲ್ಲಿ ಮುಳ್ಳುಗಳು ಏರಿಯೋಲ್ ಎಂಬ ಪುಟ್ಟ ಮೆತ್ತೆಯಿಂದ ಹೊರಡುತ್ತವೆ. ಆ ಮೆತ್ತೆ ಕಂಡರೆ, ಗಿಡದಲ್ಲಿ ಅಗಲವಾದ ಎಲೆಗಳಿದ್ದರೂ ಅದು ಕ್ಯಾಕ್ಟಸ್ಸೇ. ಗುಲಾಬಿಯಂಥ ಹೂ ಬಿಡುವ ಪೆರೆಸ್ಕಿಯಾ ಇದಕ್ಕೆ ಉದಾಹರಣೆ. ಮಡಗಾಸ್ಕರಿನಿಂದ ಬಂದು ಬಾಲ್ಕನಿ ಕುಂಡಗಳನ್ನೆಲ್ಲ ಆಕ್ರಮಿಸಿರುವ ಯೂಫೋರ್ಬಿಯಾ ಮಿಲಿಯಲ್ಲಿ ಮೆತ್ತೆ ಇಲ್ಲ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಆ ಹಾಲು ಚರ್ಮವನ್ನು ಕೆರಳಿಸುತ್ತದೆ, ಕಣ್ಣಿಗೆ ಅಪಾಯಕಾರಿ. ಆದ್ದರಿಂದ ಯಾವ ಗಿಡವನ್ನೇ ಆಗಲಿ ಪರೀಕ್ಷಿಸುವಾಗ ಎಲೆಯ ತುದಿಯನ್ನಷ್ಟೇ ಚಿವುಟಿ, ಕೈ ತೊಳೆದುಕೊಳ್ಳಿ. ರುಚಿ ನೋಡುವ ಧೈರ್ಯ ಬೇಡ.

ಈಗ ಕೋಥ್ರೂಡಿನ ಗಿಡ. ಎಲೆಗಳು ಎದುರುಬದುರು ಜೋಡಿ. ಯೂಫೋರ್ಬಿಯಾ ಮಿಲಿಯಲ್ಲೂ ಬೋಗನ್‌ವಿಲ್ಲಾದಲ್ಲೂ ಎಲೆಗಳು ಒಂದಾದ ಮೇಲೊಂದು, ಹಾಗಾಗಿ ಅವೆರಡೂ ಹೊರಗೆ. ಚಿವುಟಿದರೆ ಹಾಲು ಬರುತ್ತದೆ. ಡುರಾಂಟದ ಎಲೆಗಳು ಎದುರುಬದುರಾದರೂ ಅದರಲ್ಲಿ ಹಾಲಿಲ್ಲ, ಅದೂ ಹೊರಗೆ. ಇನ್ನು ಮುಳ್ಳು: ಗಟ್ಟಿಯಾಗಿ, ತುದಿಯಲ್ಲಿ ಕವೆಗೋಲಿನಂತೆ ಇಬ್ಭಾಗವಾಗಿದೆ. ಮುಳ್ಳೇ ಕವಲೊಡೆಯುವುದು ಅದು ಮೂಲತಃ ಕೊಂಬೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಎದುರುಬದುರು ಎಲೆ, ಹಾಲು, ಕವಲು ಮುಳ್ಳು ಮೂರೂ ಕೂಡಿದಾಗ ನಮ್ಮ ತೋಟಗಳ ಮಟ್ಟಿಗೆ ಕಣಗಿಲೆಯ ಕುಟುಂಬದ ಕರಿಸ್ಸಾ ಕುಲವನ್ನು ಬಿಟ್ಟು ಬೇರೆ ಕಡೆ ಹೋಗಬೇಕಿಲ್ಲ.

ಉಳಿದದ್ದು ಜಾತಿ. ಬೆಳಗಾವಿ, ಧಾರವಾಡದ ಕಡೆಯವರಿಗೆ ಕವಳಿ ಹಣ್ಣು ಗೊತ್ತು. ಇಲ್ಲಿ ಬೇಸಿಗೆಯಲ್ಲಿ ಕರವಂದ ಎಂದು ಬುಟ್ಟಿಗಳಲ್ಲಿ ಮಾರುತ್ತಾರೆ. ಅದು ಕರಿಸ್ಸಾ ಕರಾಂಡಾಸ್, ಇದರ ಹತ್ತಿರದ ನಂಟು. ಕವಳಿಯ ಮುಳ್ಳೂ ಕೆಲವೊಮ್ಮೆ ಕವಲೊಡೆಯುವುದರಿಂದ ಇಲ್ಲಿ ಮುಳ್ಳಿನ ಸಾಕ್ಷ್ಯ ಸಾಲದು, ಹೂವು ಹಣ್ಣುಗಳಿಗೆ ಕಾಯಲೇಬೇಕು. ಕವಳಿಯ ಹೂಗಳು ಚಿಕ್ಕವು, ಗೊಂಚಲಲ್ಲಿ ಬರುತ್ತವೆ, ಹಣ್ಣು ಮಾಗಿ ಕಪ್ಪಾಗುತ್ತದೆ. ದಕ್ಷಿಣ ಆಫ್ರಿಕಾದ ಕರಾವಳಿ ಮೂಲದ ನೇಟಾಲ್ ಪ್ಲಮ್ಮಿನ ಹೂವು ನಕ್ಷತ್ರದಾಕಾರದ್ದು, ದೊಡ್ಡದು, ಸುವಾಸನೆಯುಳ್ಳದ್ದು; ಹಣ್ಣು ಕೆಂಪಾಗಿಯೇ ಮಾಗುತ್ತದೆ. ಸೊಸೈಟಿಯ ಗಿಡದಲ್ಲಿ, ಕತ್ತರಿಗೆ ಸಿಗದ ಒಂದು ಮೂಲೆಯಲ್ಲಿ, ಕೆಂಪು ಹಣ್ಣುಗಳಿವೆ.

ಅನುಮಾನವಿದ್ದರೆ ಒಂದು ರೆಂಬೆಯನ್ನು ಸುದ್ದಿಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಪುಣೆಯಲ್ಲೇ ಇದೆ, ಅಲ್ಲಿ ಒಣಗಿದ ಮಾದರಿಗಳ ಸಂಗ್ರಹವೂ ಇದೆ. ರೆಂಬೆಯಲ್ಲಿ ಗೆಣ್ಣು, ಮುಳ್ಳು, ಎಲೆಜೋಡಿ ಮೂರೂ ಇರಲಿ. ಒಣಗಿದ ಮೇಲೆ ಹಾಲಾಗಲಿ, ವಾಸನೆಯಾಗಲಿ, ಹೂವಿನ ನಿಜವಾದ ಬಣ್ಣವಾಗಲಿ ಉಳಿಯುವುದಿಲ್ಲ. ಅವನ್ನು ಕತ್ತರಿಸಿದ ದಿನವೇ ಚೀಟಿಯಲ್ಲಿ ಬರೆದು ಹಾಳೆಗೆ ಅಂಟಿಸಿ.