ರೂಲ್ಸ್ ಬದಲಾದರೆ ನರಸಾಪುರದ ಬಾಡಿಗೆ ರೂಮು ಖಾಲಿಯಾಗುತ್ತಾ?

ಓದುಗರ ಪ್ರಶ್ನೆ: ಕೋಲಾರ ಜಿಲ್ಲೆಯ ನರಸಾಪುರದ ಫ್ಯಾಕ್ಟರಿಗಳ ಹತ್ತಿರ ನಮ್ಮದು ನಾಲ್ಕು ಬಾಡಿಗೆ ರೂಮಿದೆ. ಇರೋರೆಲ್ಲ ಹೊರರಾಜ್ಯದ ಹುಡುಗರು. ವಲಸೆ ಕಾರ್ಮಿಕರ ಕಾನೂನು ಬದಲಾಗಿದೆ ಅಂತಾರೆ. ಅವರೆಲ್ಲ ವಾಪಸ್ ಹೋಗ್ತಾರಾ? ನಮ್ಮೂರಿನ ವ್ಯಾಪಾರದ ಗತಿ ಏನು?

ಗಾಬರಿ ಬೇಡ. ಯಾರೂ ಹೋಗಬೇಕಾಗಿಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ಹೋಗಿ ನೆಲೆಸುವ, ದುಡಿಯುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಬದಲಾಗಿರುವುದು ಬೇರೆ.

ಹಳೆಯ ಕಾನೂನು 1979ರದ್ದು. ಕಂಟ್ರಾಕ್ಟರ್ ಕರೆತಂದವರು ಮಾತ್ರ ಅದರ ಲೆಕ್ಕಕ್ಕೆ ಬರುತ್ತಿದ್ದರು. ತಾನಾಗಿ ರೈಲು ಹತ್ತಿ ಬಂದು ಕಂಪನಿ ಗೇಟಿನ ಮುಂದೆ ನಿಂತವನು ಆ ಕಾನೂನಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಅವನನ್ನೂ ಸೇರಿಸಿಕೊಂಡಿದೆ. ಸಂಬಳ ತಿಂಗಳಿಗೆ 18,000 ರೂಪಾಯಿ ದಾಟಿರಬಾರದು, ಅಷ್ಟೇ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚನ್ನು ಮಾಲೀಕರೇ ಕೊಡಬೇಕು.

ಆದರೆ ಅದಕ್ಕೆ ವರ್ಷದಲ್ಲಿ 180 ದಿನ ಕೆಲಸ ಮಾಡಿರಬೇಕು. ಕೆಲಸದ ಜಾಗದಲ್ಲಿ ಹೊರರಾಜ್ಯದವರು ಹತ್ತು ಜನವಾದರೂ ಇರಬೇಕು. ಫ್ಯಾಕ್ಟರಿ ಹುಡುಗರಿಗೆ ಇದು ಕಷ್ಟವಲ್ಲ. ಕೋಲಾರದ ಎಪಿಎಂಸಿಗೆ ಟೊಮೆಟೊ ಸೀಸನ್ನಿನಲ್ಲಿ ಬಂದು, 15 ಕೆ.ಜಿ. ಬಾಕ್ಸುಗಳನ್ನು ಲಾರಿಗೆ ತುಂಬಿ ಹೋಗುವವನಿಗೆ? ಅವನಿಗೆ ಸಿಗುವುದು ಕಷ್ಟವೇ. ನನಗೆ ಇದು ನಿಜಕ್ಕೂ ಬೇಸರ. ಜಾಸ್ತಿ ಬೆನ್ನು ಬಗ್ಗಿಸುವವನು ಅವನೇ ಅಲ್ವಾ?

ನಿಮ್ಮೂರಿನ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ವಿಷಯ ರೇಷನ್ ಕಾರ್ಡು. ಮೊದಲು ಕಾರ್ಡು ಎಲ್ಲಿದೆಯೋ ಅಕ್ಕಿಯೂ ಅಲ್ಲೇ. ಹಾಗಾಗಿ ಹೆಂಡತಿ ಮಕ್ಕಳೂ ಅಲ್ಲೇ. 2020ರ ಜನವರಿಯಲ್ಲಿ ಕರ್ನಾಟಕವೂ ಸೇರಿ 12 ರಾಜ್ಯಗಳಲ್ಲಿ ಈ ಕಟ್ಟು ಸಡಿಲವಾಯಿತು. ಆಮೇಲೆ ಇಡೀ ದೇಶಕ್ಕೆ ಬಂತು. ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ ನಿಮ್ಮೂರಿನ ರೇಷನ್ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳಬಹುದು. ತಲೆಗೆ 5 ಕೆ.ಜಿ. ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ 20 ಕೆ.ಜಿ. ಅರ್ಧ ಇಲ್ಲಿ, ಅರ್ಧ ಊರಲ್ಲಿ ತೆಗೆದುಕೊಂಡರೂ ನಡೆಯುತ್ತದೆ.

ಒಂಟಿ ಹುಡುಗನ ದುಡ್ಡು ಹೆಚ್ಚಾಗಿ ಊರಿಗೆ ಹೋಗುತ್ತದೆ. ನಾಲ್ವರು ಸೇರಿ ಒಂದು ರೂಮು, ಒಂದು ಸ್ಟವ್. ಸಂಸಾರ ಬಂದರೆ ಹಾಗಲ್ಲ. ಅರ್ಧ ಲೀಟರ್ ಹಾಲು ಪಕ್ಕದ ಮನೆಯಿಂದ, ಸೊಪ್ಪು ಸಂತೆಯಿಂದ, ಮಗುವಿಗೆ ಚಪ್ಪಲಿ, ಪುಸ್ತಕ, ಜ್ವರ ಬಂದರೆ ಮೆಡಿಕಲ್ ಸ್ಟೋರು. ಆ ದುಡ್ಡು ನಿಮ್ಮ ಬೀದಿಯಲ್ಲೇ ನಾಲ್ಕು ಕೈ ಓಡಾಡುತ್ತದೆ.

ಖಾಸಗಿ ಕಂಪನಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಬಂದರೆ ಅಂತ ನೀವು ಕೇಳಬಹುದು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ ಮಸೂದೆಯಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಗಳಿಗೆ ಶೇ. 50, ಉಳಿದವಕ್ಕೆ ಶೇ. 70 ಇತ್ತು. ಕೆಲವೇ ದಿನದಲ್ಲಿ ತಡೆಹಿಡಿದರು. ಹರಿಯಾಣದ ಇಂಥದೇ ಕಾನೂನನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಫ್ಯಾಕ್ಟರಿಗೆ ಜಮೀನು ಹೋದ ಮನೆಯ ಹುಡುಗರು ಕೆಲಸ ಕೇಳುವುದು ನ್ಯಾಯ. ಆದರೆ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನವರು ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿಯೇ ಮನೆ ನಡೆಸುತ್ತಿದ್ದಾರೆ. ಊರು ಬಿಟ್ಟು ದುಡಿಯುವ ಕಷ್ಟ ನಮ್ಮ ಜಿಲ್ಲೆಗೆ ಹೊಸದಲ್ಲ.

ನೀವು ಮಾಡಬಹುದಾದ ಒಂದು ಕೆಲಸವಿದೆ. ಬಾಡಿಗೆ ಕರಾರು ಬರೆದುಕೊಡಿ. ಬ್ಯಾಂಕು, ಗ್ಯಾಸು, ಎಲ್ಲ ಕಡೆ ಮೊದಲು ಕೇಳುವುದೇ ವಿಳಾಸ. ಆ ಒಂದು ಕಾಗದ ಇದ್ದರೆ ಹುಡುಗ ಹೆಂಡತಿ ಮಕ್ಕಳನ್ನು ಧೈರ್ಯವಾಗಿ ಕರೆಸಿಕೊಳ್ಳುತ್ತಾನೆ.