ಶೇ 3.67ರ ಲೆಕ್ಕ ಮತ್ತು ಮಿತ್ರರ ಜಗಳ

ಬಾಂಬಿಗೆ ಶೇ 90ರ ಯುರೇನಿಯಂ ಬೇಕು, ಅಂದರೆ ಅದರಲ್ಲಿ ಶೇ 90ರಷ್ಟು ಬಾಂಬಿಗೆ ಒದಗುವ ಯು-235 ಇರಬೇಕು. ಇರಾನ್ ಜೊತೆಗಿನ 2015ರ ಅಣು ಒಪ್ಪಂದ ಬಿಟ್ಟಿದ್ದು ಶೇ 3.67 ಮಾತ್ರ. ಹಾಗಾದರೆ ಇರಾನ್ ಇನ್ನೂ ದಾರಿಯ ಆರಂಭದಲ್ಲಿತ್ತು ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಗಿಲ್ಲ.

ನೈಸರ್ಗಿಕ ಯುರೇನಿಯಂನಲ್ಲಿ ಒಂದು ಕಿಲೋ ಯು-235ರ ಜೊತೆ ಸುಮಾರು 140 ಕಿಲೋ ಯು-238, ಅಂದರೆ ಬೇಡವಾದ ಭಾರದ ಬಗೆ, ಬೆರೆತಿರುತ್ತದೆ. ಶೇ 3.67ಕ್ಕೆ ಬಂದಾಗ ಉಳಿಯುವುದು 26 ಕಿಲೋ, ಶೇ 20ಕ್ಕೆ 4 ಕಿಲೋ, ಶೇ 90ಕ್ಕೆ 110 ಗ್ರಾಂ. (ತ್ಯಾಜ್ಯದಲ್ಲಿ ಹೋಗುವ ಯು-235 ಅನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ತೂರಿ ತೆಗೆಯಬೇಕಾದ ಈ ಯು-238 ಎಂಬ ಹೊಟ್ಟಿನಲ್ಲಿ ಹೆಚ್ಚಿನ ಪಾಲು ಮೊದಲ ಹಂತದಲ್ಲೇ ಹಾರಿಹೋಗಿರುತ್ತದೆ.

ಕಷ್ಟವಿರುವುದೂ ಅಲ್ಲೇ. ಬೇರ್ಪಡಿಸಲು ಯುರೇನಿಯಂ ಅನ್ನು ಹೆಕ್ಸಾಫ್ಲೋರೈಡ್ ಅನಿಲವಾಗಿಸುತ್ತಾರೆ. ಯು-235 ಮತ್ತು ಯು-238 ಇರುವ ಅದರ ಎರಡು ಬಗೆಯ ಅಣುಗಳ ತೂಕ 349 ಮತ್ತು 352, ಅಂದರೆ ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ. ಅನಿಲವನ್ನು ರಭಸದಿಂದ ತಿರುಗಿಸುವ ಒಂದು ಸೆಂಟ್ರಿಫ್ಯೂಜ್ ಯಂತ್ರ ಬೇರ್ಪಡಿಸುವುದು ತೀರಾ ಸ್ವಲ್ಪ. ಹಾಗಾಗಿ ಒಂದರಿಂದ ಹೊರಬಂದ ಅನಿಲವನ್ನು ಇನ್ನೊಂದಕ್ಕೆ ಹಾಯಿಸುತ್ತಾ ಸಾಲುಸಾಲಾಗಿ ಜೋಡಿಸಬೇಕು. ಎಲ್ಲೋ ಗಾಳಿ ನುಸುಳಿದರೆ ಅದರ ತೇವಾಂಶದೊಡನೆ ಅನಿಲ ಬೆರೆತು ಘನ ಯುರೇನೈಲ್ ಫ್ಲೋರೈಡ್ ಆಗಿ ಯಂತ್ರದ ತಿರುಗುವ ಭಾಗವಾದ ರೋಟರ್‌ಗೆ ಅಂಟುತ್ತದೆ. ಸಮತೋಲ ತಪ್ಪಿದ ರೋಟರ್ ಆ ವೇಗದಲ್ಲಿ ಚೂರುಚೂರಾಗುತ್ತದೆ.

2015ರ ಜುಲೈ 14ರಂದು ವಿಯೆನ್ನಾದಲ್ಲಿ ಆದ ಒಪ್ಪಂದ ಈ ಲೆಕ್ಕವನ್ನೇ ಹಿಡಿದು ಕಟ್ಟಿದ್ದು. ಇರಾನ್‌ನ ನತಾನ್ಜ್ ಘಟಕದಲ್ಲಿ ಪುಷ್ಟೀಕರಣಕ್ಕೆ (ಯು-235ರ ಪಾಲು ಹೆಚ್ಚಿಸುವುದಕ್ಕೆ) 5,060 ಹಳೆಯ ಐಆರ್-1 ಮಾದರಿಯ ಸೆಂಟ್ರಿಫ್ಯೂಜ್‌ಗಳು, ದಾಸ್ತಾನು 300 ಕಿಲೋ ಹೆಕ್ಸಾಫ್ಲೋರೈಡ್. ಅದರಲ್ಲಿ ಯುರೇನಿಯಂ ಸುಮಾರು 203 ಕಿಲೋ, ಯು-235 ಬರೀ ಏಳೂವರೆ ಕಿಲೋ. ಒಂದು ಬಾಂಬಿಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇಟ್ಟುಕೊಂಡಿರುವ ಅಳತೆ 25 ಕಿಲೋ. ಯಂತ್ರ, ದಾಸ್ತಾನು, ಶೇಕಡಾವಾರು ಮೂರನ್ನೂ ಒಟ್ಟಿಗೆ ಬಿಗಿದಿದ್ದರಿಂದ, ಬಾಂಬಿಗಾಗುವಷ್ಟು ಯುರೇನಿಯಂ ತಯಾರಿಸಲು ಒಂದು ವರ್ಷವಾದರೂ ಬೇಕಾಗುತ್ತಿತ್ತು.

ಈ ಒಂದು ವರ್ಷದ ಬೆಲೆ ಎಷ್ಟು ಎಂಬುದರಲ್ಲೇ ಅಮೆರಿಕ ಮತ್ತು ಅದರ ಮಿತ್ರರು ಬೇರೆಯಾದರು. ಯಂತ್ರಗಳ ಮೇಲಿನ ಮುಖ್ಯ ಮಿತಿ 10 ವರ್ಷಕ್ಕೆ, ಶೇ 3.67ರ ಮಿತಿ 15 ವರ್ಷಕ್ಕೆ ಮುಗಿಯುತ್ತದೆ, ಕ್ಷಿಪಣಿಗಳ ಮೇಲೆ ಹಿಡಿತವೇ ಇಲ್ಲ ಎಂಬುದು ಟ್ರಂಪ್ ಆಕ್ಷೇಪ. ಅವಧಿ ಮುಗಿಯುವ ಚಿಂತೆ ನ್ಯಾಯವಾದದ್ದೇ. ಆದರೆ ಅದಕ್ಕೆ ಮದ್ದು ಅವಧಿಯನ್ನು ಇಂದೇ ಮುಗಿಸುವುದಲ್ಲ. ಬ್ರಿಟನ್, ಫ್ರಾನ್ಸ್, ಜರ್ಮನಿ ಒಪ್ಪಂದವನ್ನು ಉಳಿಸಿಕೊಂಡು ಅದರ ಮೇಲೆ ಹೆಚ್ಚಿನದನ್ನು ಕಟ್ಟೋಣ ಎಂದವು. 2018ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್, ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್ ಇಬ್ಬರೂ ವಾಷಿಂಗ್ಟನ್‌ಗೆ ಹೋಗಿಬಂದರು. ಮೇ 8ರಂದು ಅಮೆರಿಕ ಒಪ್ಪಂದದಿಂದ ಹೊರನಡೆಯಿತು.

ಯುರೋಪ್ 1996ರ ತಡೆ ಕಾನೂನಿಗೆ ಹೊಸ ಜೀವ ಕೊಟ್ಟು, ಅಮೆರಿಕ ಇರಾನ್ ಮೇಲೆ ಮತ್ತೆ ಹೇರಿದ ದಿಗ್ಬಂಧನಕ್ಕೆ ಮಣಿಯಬೇಡಿ ಎಂದು ತನ್ನ ಕಂಪನಿಗಳಿಗೆ ಹೇಳಿತು. ಇರಾನ್ ಜೊತೆ ಡಾಲರ್ ಇಲ್ಲದೆ ವ್ಯಾಪಾರ ನಡೆಸಲು 2019ರ ಜನವರಿಯಲ್ಲಿ ಇನ್‌ಸ್ಟೆಕ್ಸ್ ಎಂಬ ಯುರೋಪಿನ ಪಾವತಿ ವ್ಯವಸ್ಥೆ ಹುಟ್ಟಿತು. ಅದರ ಮೊದಲ ವಹಿವಾಟು ವೈದ್ಯಕೀಯ ಸಾಮಗ್ರಿ, ಅದೂ 2020ರ ಮಾರ್ಚ್‌ನಲ್ಲಿ. ಅಮೆರಿಕದ ಮಾರುಕಟ್ಟೆ ಕಳೆದುಕೊಳ್ಳುವ ಭಯದ ಮುಂದೆ ಯಾವ ದೊಡ್ಡ ಬ್ಯಾಂಕೂ ಧೈರ್ಯ ಮಾಡಲಿಲ್ಲ.

ಇರಾನ್ 2019ರ ಜುಲೈನಲ್ಲಿ ಶೇ 3.67 ದಾಟಿತು, 2021ರ ಏಪ್ರಿಲ್‌ನಲ್ಲಿ ಶೇ 60 ಮುಟ್ಟಿತು. ಆ ಮಟ್ಟದಲ್ಲಿ ಒಂದು ಕಿಲೋ ಯು-235ರ ಜೊತೆ ಇರುವುದು 670 ಗ್ರಾಂ ಯು-238.