ಹಳೇ ಕಂಪ್ಯೂಟರ್ ಕೊಡುವುದಾದರೆ ಓಡುತ್ತಿರುವಾಗಲೇ ಕೊಡಿ

ಕಾಲೇಜಿನ ಲ್ಯಾಬಿಗೆ ಹೊಸ ಕಂಪ್ಯೂಟರ್ ಬಂದ ಕೂಡಲೇ ಹಳೆಯವು ಮೆಟ್ಟಿಲ ಕೆಳಗಿನ ಕೋಣೆ ಸೇರುತ್ತವೆ. ಆಡಿಟ್ ಮುಗಿಯಲಿ, ಕಮಿಟಿ ಕೂರಲಿ, ಆಮೇಲೆ ನೋಡೋಣ ಅಂತ ಬೀಗ ಬೀಳುತ್ತದೆ. ಹಾಗೇ ಎರಡು ಮೂರು ವರ್ಷ ಕಳೆಯುತ್ತದೆ. ಸಂಸ್ಥೆಗಳ ಕಂಪ್ಯೂಟರ್ ನೋಡಿಕೊಳ್ಳುವ ನಾನು ಹೋದಲ್ಲೆಲ್ಲ ಹೇಳುವುದು ಒಂದೇ. ದಾನ ಕೊಡುವ ಮನಸ್ಸಿದ್ದರೆ, ಕೋಣೆಗೆ ಹಾಕುವ ಮುಂಚೆಯೇ ವಿಂಗಡಿಸಿ. ತೇವ, ಧೂಳು, ಇಲಿ ಸೇರಿಕೊಂಡರೆ ಒಳ್ಳೇ ಮಷಿನ್ನೂ ಗುಜರಿಯಾಗುತ್ತದೆ.

ಈಗ ಇದು ಇನ್ನೂ ಅವಸರದ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ ಪ್ರೊಸೆಸರ್ ಬೇಕು. ಅಷ್ಟಕ್ಕೇ 6ನೇ ಜನರೇಷನ್ ಐ5 ಮಷಿನ್‌ಗಳನ್ನು ಸಾಲಾಗಿ ಕಂಡಮ್ ಮಾಡುತ್ತಾರೆ. ಇದು ನನಗೆ ಸಂಕಟದ ವಿಷಯ. ಅದೇ ಮಷಿನ್ನಿಗೆ 8 ಜಿಬಿ ರ್‍ಯಾಮ್, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್ ಆದ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಕೂರಿಸಿದರೆ ಶಾಲೆಯ ಮಕ್ಕಳ ಟೈಪಿಂಗ್, ಇಂಟರ್ನೆಟ್, ಪ್ರೋಗ್ರಾಮಿಂಗ್ ಎಲ್ಲವೂ ಆರಾಮವಾಗಿ ನಡೆಯುತ್ತದೆ.

‘ಕೆಟ್ಟಿದೆ’ ಅಂತ ಚೀಟಿ ಅಂಟಿಸಿದ್ದನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಸಾಮಾನ್ಯವಾಗಿ ಬರುವ ದೂರು, ‘ಆನ್ ಆಗುತ್ತದೆ, ಆದರೆ ಯಾವ ವೆಬ್‌ಸೈಟೂ ತೆರೆಯಲ್ಲ’. ಮೂಲೆಯಲ್ಲಿ ತಾರೀಖು ನೋಡಿದರೆ ಹತ್ತು ವರ್ಷ ಹಿಂದಿನದು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಖಾಲಿಯಾಗಿದೆ, ಅಷ್ಟೇ. ತಾರೀಖು ತಪ್ಪಾದರೆ ಬ್ರೌಸರ್ ವೆಬ್‌ಸೈಟಿನ ಸರ್ಟಿಫಿಕೇಟನ್ನು, ಅಂದರೆ ಇಂತಿಷ್ಟು ಅವಧಿ ಇರುವ ಅದರ ಗುರುತಿನ ಪತ್ರವನ್ನು, ಒಪ್ಪುವುದಿಲ್ಲ. ಸೆಲ್ ಬದಲಿಸಿ, ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಟೈಮ್ ಸರಿಮಾಡಿದರೆ ಮುಗಿಯಿತು. ಡಿಸ್‌ಪ್ಲೇ ಬಾರದೆ ಬರೀ ಬೀಪ್ ಹೊಡೆಯುತ್ತಿದ್ದರೆ ರ್‍ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ಎಷ್ಟೋ ಸಲ ಅಷ್ಟರಲ್ಲೇ ಎದ್ದು ಕೂರುತ್ತದೆ. ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮಾತ್ರ ಅದನ್ನು ಯಾರಿಗೂ ದಾಟಿಸಬೇಡಿ.

ದಾನ ಅಂದರೆ ಪೂರ್ತಿ ಸೆಟ್: ಮಾನಿಟರ್, ಕೀಬೋರ್ಡ್, ಮೌಸ್, ಪವರ್ ಕೇಬಲ್, ಕನ್ನಡ ಟೈಪಿಂಗ್ ಸಮೇತ ಹಾಕಿಕೊಟ್ಟ ಸಾಫ್ಟ್‌ವೇರ್. ಶಾಲೆಗೆ ಕಳಿಸುವ ಮೊದಲು ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಎಷ್ಟಿವೆ, ಕರೆಂಟ್ ಹೇಗಿದೆ, ಯಾವ ಮೇಷ್ಟ್ರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಹಳೇ ಟೀವಿ ಥರದ ಸಿಆರ್‌ಟಿ ಮಾನಿಟರ್ ದಯವಿಟ್ಟು ಕೊಡಬೇಡಿ, ಅದರ ಗಾಜಿನಲ್ಲಿ ಸೀಸ ಇರುತ್ತದೆ. ಓಡದ ಮಷಿನ್ ಕೊಟ್ಟರೆ ನಮ್ಮ ಕಸವನ್ನು ಬಡ ಶಾಲೆಯ ತಲೆಗೆ ಕಟ್ಟಿದಂತೆ ಅಲ್ವಾ?

ಇನ್ನು ಹಾರ್ಡ್‌ಡಿಸ್ಕ್. ಆಫೀಸಿನ ಕಂಪ್ಯೂಟರಿನಲ್ಲಿ ಮಾರ್ಕ್ಸ್ ಕಾರ್ಡ್, ಆಧಾರ್ ಪ್ರತಿ, ಸಂಬಳದ ಪಟ್ಟಿ, ಬ್ಯಾಂಕ್ ಖಾತೆ ನಂಬರ್ ಎಲ್ಲ ಇರುತ್ತವೆ. ಸುಮ್ನೆ ಕ್ವಿಕ್ ಫಾರ್ಮ್ಯಾಟ್ ಒತ್ತಿದರೆ ಅವು ಅಳಿಯುವುದಿಲ್ಲ. ಪುಕ್ಕಟೆ ರಿಕವರಿ ಸಾಫ್ಟ್‌ವೇರಿನಿಂದಲೇ ತೆಗೆಯಬಹುದು. ತಿರುಗುವ ಹಾರ್ಡ್‌ಡಿಸ್ಕ್ ಆದರೆ ಎನ್‌ವೈಪ್‌ನಂಥ ಸಾಧನದಿಂದ ಆರಂಭದಿಂದ ಕೊನೆಯವರೆಗೆ ಒಂದು ಸಲ ಪೂರ್ತಿಯಾಗಿ ಹಳೇ ಮಾಹಿತಿಯ ಮೇಲೆ ಬೇರೆ ಬರೆದರೆ ಸಾಕು. ಏಳು ಸಲ ಮಾಡಬೇಕೆಂಬುದು ಹಳೇ ನಂಬಿಕೆ. ಎಸ್‌ಎಸ್‌ಡಿಯಲ್ಲಿ ಈ ದಾರಿ ನೆಚ್ಚಿಕೊಳ್ಳುವಂಥದ್ದಲ್ಲ. ಅದು ತನ್ನೊಳಗೆ ಜಾಗ ಬದಲಿಸುತ್ತಾ ಬರೆಯುವುದರಿಂದ ಹಳೇ ಮಾಹಿತಿ ಬೇರೆಲ್ಲೋ ಉಳಿದಿರಬಹುದು. ಹಾಗಾಗಿ ಬಯಾಸ್ ಅಥವಾ ಕಂಪನಿಯ ಸಾಧನದಲ್ಲಿರುವ ಸೆಕ್ಯೂರ್ ಇರೇಸ್ ಎಂಬ, ಇಡೀ ಡಿಸ್ಕ್ ಅಳಿಸುವ ಆಯ್ಕೆ ಬಳಸಿ. ತಿರುಗುವ ಡಿಸ್ಕ್ ಓಡದಿದ್ದರೆ ಹೊರತೆಗೆದು, ಒಳಗಿನ ತಟ್ಟೆಗಳಿಗೆ ಡ್ರಿಲ್ ಹೊಡೆಸಿ. ದೊಡ್ಡ ಜೆರಾಕ್ಸ್ ಮಷಿನ್‌ಗಳ ಒಳಗೂ ಡಿಸ್ಕ್ ಇರಬಹುದು. ಅದನ್ನು ಯಾರೂ ನೆನೆಯುವುದಿಲ್ಲ.

ಉಳಿದದ್ದು ಇ-ತ್ಯಾಜ್ಯ. ಗುಜರಿಯವರು ಕೆಜಿ ಲೆಕ್ಕದಲ್ಲಿ ಜಾಸ್ತಿ ದುಡ್ಡು ಕೊಡುತ್ತಾರೆ ಅಂತ ಅವರಿಗೆ ಹಾಕುವವರೇ ಹೆಚ್ಚು. ಹಾಗೆ ಹೋದ ಮಾಲು ಕೊನೆಗೆ ಯಾವುದೋ ಗಲ್ಲಿಯಲ್ಲಿ ತಾಮ್ರಕ್ಕಾಗಿ ಕೇಬಲ್ ಸುಡುವವರ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವವರ ಕೈ ಸೇರುತ್ತದೆ. ಆ ಹೊಗೆ ಕುಡಿಯುವವರು ಅವರೇ, ಅವರ ಮಕ್ಕಳೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಅವುಗಳ ಪಟ್ಟಿಯಲ್ಲಿರುವ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಹಣಕಾಸು ವರ್ಷದ ಯಾವುದೇ ಹೊತ್ತಿನಲ್ಲಿ ಕನಿಷ್ಠ 1000 ಬಳಸಿದ ಸಂಸ್ಥೆ ‘ಬಲ್ಕ್ ಕನ್ಸ್ಯೂಮರ್’ (ದೊಡ್ಡ ಬಳಕೆದಾರ). ಅಂಥವರು ನೋಂದಾಯಿತ ತಯಾರಕರು, ರಿಫರ್ಬಿಶರ್ (ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವವರು) ಅಥವಾ ರೀಸೈಕ್ಲರ್‌ಗೆ ಮಾತ್ರ ಕೊಡಬೇಕು. ಪ್ರಿಂಟರ್, ಫೋನ್, ಎಸಿ, ಫ್ರಿಜ್ ಎಲ್ಲ ಸೇರಿಸಿದರೆ ದೊಡ್ಡ ಕ್ಯಾಂಪಸ್ ಈ ಗಡಿ ಸಲೀಸಾಗಿ ದಾಟುತ್ತದೆ. ಚಿಕ್ಕ ಸಂಸ್ಥೆಗಳೂ ಇದೇ ದಾರಿ ಹಿಡಿಯಲಿ ಎಂಬುದು ನನ್ನ ಕೋರಿಕೆ. ಯುಪಿಎಸ್ ಬ್ಯಾಟರಿಗೆ ಬೇರೆ ನಿಯಮ ಇದೆ, ಅದನ್ನು ಬ್ಯಾಟರಿ ಡೀಲರಿಗೇ ಹಿಂದಿರುಗಿಸಿ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ರಾಶಿಯೊಳಗೆ ಸೇರಿಸಬೇಡಿ, ಚುಚ್ಚಿದರೆ ಬೆಂಕಿ ಹತ್ತಬಹುದು.

ಲಾರಿ ಹತ್ತಿಸುವ ಮೊದಲು ಪ್ರತಿ ಮಷಿನ್ನಿನ ಸೀರಿಯಲ್ ನಂಬರನ್ನು ಸಂಸ್ಥೆಯ ಸಾಮಾನುಗಳ ಲೆಕ್ಕ ಇರುವ ಡೆಡ್ ಸ್ಟಾಕ್ ರಿಜಿಸ್ಟರ್ ಜೊತೆ ತಾಳೆ ನೋಡಿ. ಯಾವ ಡಿಸ್ಕ್ ಯಾರು ಅಳಿಸಿದರು ಅಂತ ಪಕ್ಕದಲ್ಲೇ ಬರೆದು ಸಹಿ ಹಾಕಿಸಿ. ಶಾಲೆಯಾದರೆ ಸ್ವೀಕೃತಿ ಪತ್ರ, ರೀಸೈಕ್ಲರ್ ಆದರೆ ಅವರ ನೋಂದಣಿ ನಂಬರ್ ಇರುವ ರಸೀದಿ ಮತ್ತು ಸರ್ಟಿಫಿಕೇಟ್ ಪಡೆದು ಅದೇ ಫೈಲಿನಲ್ಲಿಡಿ. ನೋಂದಣಿ ನಿಜವೋ ಅಲ್ಲವೋ ಎಂಬುದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೀವೇ ನೋಡಬಹುದು.